ತೂತು ಹೊರಗೆ ಹೋಗಬಾರದು

ನಮ್ಮ ಅಂಗಡಿಗೆ ಒಂದು ಕಾನೂನಿದೆ: ತೂತು ಒಳಗೆ ಬರಬಹುದು, ಹೊರಗೆ ಹೋಗಬಾರದು. ಇದನ್ನು ಎಲ್ಲೂ ಬರೆದು ತೂಗುಹಾಕಿಲ್ಲ. ದೊಡ್ಡಮ್ಮನ ಮುಖ ನೋಡಿದರೆ ಸಾಕು, ಓದಲು ಬಾರದವರಿಗೂ ಅರ್ಥವಾಗುತ್ತದೆ. ಯಾರೋ ಕೋಟಿನ ಗುಂಡಿ ಬಿಗಿ ಮಾಡಿಸಲು ಬಂದರು ಅನ್ನಿ. ದೊಡ್ಡಮ್ಮ ಗುಂಡಿಯ ಕಡೆ ಕಣ್ಣೂ ಹಾಯಿಸುವುದಿಲ್ಲ. ಕೋಟನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, ಕಂಕುಳಲ್ಲಿ ನುಸಿ ತಿಂದ ಜಾಗ ಹುಡುಕಿ, “ಇದನ್ಯಾಕೆ ಹೇಳಲಿಲ್ಲ?” ಎಂದು ಗಿರಾಕಿಯನ್ನೇ ಗದರುತ್ತಾಳೆ. “ಇರಲಿ ಬಿಡಿ, ಗುಂಡಿ ಮಾತ್ರ ಸಾಕು” ಎಂದು ಅವರು ನಾಚಿಕೊಂಡು ಹೋಗುತ್ತಾರೆ. ಮಾರನೆಯ ದಿನ ಬಂದರೆ ಗುಂಡಿಯೂ ಬಿಗಿಯಾಗಿರುತ್ತದೆ, ನುಸಿಯ ಗುರುತೂ ಇರುವುದಿಲ್ಲ. ಬೇಡ ಅನ್ನುವುದು ಸಂಕೋಚದ ಮಾತು, ಅದನ್ನು ಕಿವಿಗೆ ಹಾಕಿಕೊಳ್ಳಬಾರದು ಎಂಬುದು ಅವಳ ನಂಬಿಕೆ.

ನಮ್ಮದು ರಫು ಅಂಗಡಿ. ಬಟ್ಟೆಯ ಒಳಮಡಿಕೆಯಿಂದಲೇ ಎಳೆ ಕಿತ್ತು, ಆ ಎಳೆಯಿಂದಲೇ ತೂತನ್ನು ನೇಯ್ದು ಮುಚ್ಚುವುದು ನಮ್ಮ ಕಸುಬು. ಮುಚ್ಚಿದ ಮೇಲೆ ತೂತು ಎಲ್ಲಿತ್ತು ಅಂತ ಬಟ್ಟೆಯ ಯಜಮಾನನಿಗೂ ತಿಳಿಯಬಾರದು. ತೇಪೆ ಹಾಕುವವರು ಬೇರೆ, ನಾವು ಬೇರೆ. ನಮ್ಮ ಅಂಗಡಿಯಲ್ಲಿ ತೇಪೆ ಅನ್ನುವುದು ಬೈಗುಳ. ಅಮ್ಮ ಹೋದ ಮೇಲೆ ನನ್ನನ್ನೂ ತಂಗಿಯನ್ನೂ ಸಾಕಿದವಳು ಅಮ್ಮನ ಅಕ್ಕ, ಈ ದೊಡ್ಡಮ್ಮ. ನಾನು ಸೂಜಿ ಹಿಡಿದೆ, ಅಂಗಡಿಯಲ್ಲೇ ಉಳಿದೆ. ತಂಗಿ ಸೂಜಿಯನ್ನೂ ಹಿಡಿದಳು, ಕುಂಚವನ್ನೂ ಹಿಡಿದಳು, ಕೊನೆಗೆ ಎರಡನ್ನೂ ಬಿಟ್ಟು ಕಲಾವಿದೆಯಾದಳು.

ಅವಳ ಕಲೆ ಅಂದರೆ ಗೋಡೆಗೆ ಮೊಳೆ ಹೊಡೆದು ನೇತುಹಾಕುವಂಥದ್ದಲ್ಲ. ಒಮ್ಮೆ ಒಂದು ಇಡೀ ಕೋಣೆಗೆ ಹಳೆಯ ಬೀಗಗಳನ್ನು ಜೋತುಬಿಟ್ಟಿದ್ದಳು. ಜನ ಅದರ ಕೆಳಗೆ ತಲೆ ಬಗ್ಗಿಸಿ ಓಡಾಡಿ, ಗಲ್ಲಕ್ಕೆ ಕೈಯಿಟ್ಟು, ಆಳವಾಗಿ ಉಸಿರುಬಿಟ್ಟು ಹೋದರು. ದೊಡ್ಡಮ್ಮ ನೋಡಿ ಬಂದವಳು, “ಬೀಗ ಚೆನ್ನಾಗಿದ್ವು. ಕೀಲಿ ಒಂದೂ ಸಿಗಲಿಲ್ವಂತಾ ಪಾಪ?” ಅಂದಳು. ತಂಗಿ ಎರಡು ದಿನ ಮಾತು ಬಿಟ್ಟಿದ್ದಳು. ನನಗಂತೂ ದೊಡ್ಡಮ್ಮ ಕೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ.

ಊರಿನ ನಡುವೆ ಹಳೆಯ ಪ್ರಾರ್ಥನಾಲಯವೊಂದಿದೆ. ಗುಮ್ಮಟ ಅಂತಲೇ ಎಲ್ಲರೂ ಕರೆಯುವುದು. ಕಂಬ ನಿಲ್ಲಿಸಿದವರು ಒಂದು ಪಂಥದವರು, ಮೇಲೆ ಗುಮ್ಮಟ ಕಟ್ಟಿದವರು ಇನ್ನೊಂದು ಪಂಥದವರು, ಗೋಡೆಗಳಿಗೆ ಸುಣ್ಣ ಬಳಿದು ಚಿತ್ರಗಳನ್ನೆಲ್ಲ ಮುಚ್ಚಿದವರು ಮತ್ತೊಂದು ಪಂಥದವರು. ತಲೆಮಾರುಗಟ್ಟಲೆ ಒಬ್ಬರನ್ನೊಬ್ಬರು ಹೊರಹಾಕಿ ಎಲ್ಲರಿಗೂ ಸುಸ್ತಾಯಿತು. ಈಗ ವಾರದ ದಿನಗಳನ್ನು ಹಂಚಿಕೊಂಡು ಮೂವರೂ ಬಳಸುತ್ತಾರೆ. ಮೂವರೂ ನಮ್ಮ ಗಿರಾಕಿಗಳೇ. ದೊಡ್ಡಮ್ಮ ಯಾವತ್ತೂ ಪಂಥದ ಹೆಸರು ಹಿಡಿದು ಕರೆದವಳಲ್ಲ. ಬಟ್ಟೆ ಎಲ್ಲಿ ಸವೆದಿದೆಯೋ ಅದೇ ಅವಳಿಗೆ ಗುರುತು. ಮಂಡಿಯೂರಿ ಪ್ರಾರ್ಥಿಸುವವರ ದಿಂಬಿನ ಹೊದಿಕೆ ಎರಡು ಕಡೆ ಸವೆಯುತ್ತದೆ, ಅವರು ಮಂಡಿಯವರು. ನೆಲಕ್ಕೆ ಹಣೆ ಹಚ್ಚುವವರ ನೂಲಿನ ಚಾಪೆ ಮೇಲ್ತುದಿಯಲ್ಲಿ ಸವೆಯುತ್ತದೆ, ಅವರು ಹಣೆಯವರು. ಕಾಲು ಮಡಚಿ ಕಣ್ಣು ಮುಚ್ಚಿ ಸುಮ್ಮನೆ ಕೂರುವವರ ಹಾಸು ಕಾಲಿನ ಹರಡು ತಾಗುವಲ್ಲಿ ಸವೆಯುತ್ತದೆ, ಅವರು ಕೂರುವವರು. “ಹಣೆಯವರ ಮನೇಲಿ ಮದುವೆಯಂತೆ” ಅಂದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಅರ್ಥವಾಗುತ್ತಿತ್ತು.

ಆ ಗುಮ್ಮಟದಲ್ಲಿ ತಂಗಿಗೆ ಪ್ರದರ್ಶನ ಇಡಲು ಅವಕಾಶ ಸಿಕ್ಕಿತು. ಸಿಕ್ಕಿತು ಅಂದರೆ ಸುಮ್ಮನೆ ಸಿಗಲಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಇಲ್ಲಿ ಪೂಜಾರಿಗಳು ಮೂರು ಕಡೆಯವರು. ಒಬ್ಬರು ಒಪ್ಪಿದರೆ ಇನ್ನೊಬ್ಬರು ಮುನಿಸಿಕೊಳ್ಳುವರು. ಅವಳು ಮೂರೂ ಕಡೆಯ ಹಿರಿಯರ ಮನೆ ಬಾಗಿಲು ಸವೆಸಿ, ಕೇಳಿದ್ದು ಇಷ್ಟೇ: ನಿಮ್ಮ ಮನೆಗಳಲ್ಲಿ ಪ್ರಾರ್ಥಿಸಿ ಪ್ರಾರ್ಥಿಸಿ ತೂತುಬಿದ್ದ ಹಾಸುಗಳಿದ್ದರೆ ಕೊಡಿ. ಅವನ್ನೆಲ್ಲ ಚಪ್ಪರದ ಹಾಗೆ ಗುಮ್ಮಟದ ಕೆಳಗೆ ಹರಡಿ ಕಟ್ಟುತ್ತೇನೆ. ಗುಮ್ಮಟದ ನೆತ್ತಿಯ ಕಿಂಡಿಯಿಂದ ಮಧ್ಯಾಹ್ನದ ಬಿಸಿಲು ಇಳಿದಾಗ ಮಂಡಿಯ ತೂತು, ಹಣೆಯ ತೂತು, ಕೂತ ತೂತು ಎಲ್ಲದರಿಂದಲೂ ಬೆಳಕು ನೆಲಕ್ಕೆ ಬೀಳುತ್ತದೆ. ಯಾವ ಬೆಳಕು ಯಾರದ್ದು ಅಂತ ನೆಲ ನೋಡಿದವರಿಗೆ ಗೊತ್ತಾಗಬಾರದು. ಇದು ಅವಳ ಕಲ್ಪನೆ. ಅಂಚಿಗೆ ಕುಣಿಕೆ ಹೊಲಿಯುವುದು ಬಿಟ್ಟರೆ ಹಾಸುಗಳಿಗೆ ಕತ್ತರಿ, ಬಣ್ಣ, ಏನೂ ಸೋಕಿಸುವುದಿಲ್ಲ ಎಂದು ಮೂವರಿಗೂ ಮಾತು ಕೊಟ್ಟಳು. ಆಮೇಲೆ ಹಾಸುಗಳು ಬಂದವು. ಕೆಲವರು ಅಜ್ಜಿಯದ್ದು ತಂದರು, ಕೆಲವರು ಅಪ್ಪನದ್ದು.

ಗಂಟುಮೂಟೆ ಎಲ್ಲ ನಮ್ಮ ಅಂಗಡಿಗೆ ತಂದು ಹಾಕಿದ ತಂಗಿ, “ಕುಣಿಕೆ ಮಾತ್ರ ಸಾಕು ದೊಡ್ಡಮ್ಮ. ಬೇರೆ ಏನೂ ಮಾಡಬೇಡ” ಎಂದು ಹೇಳಿ, ಹಗ್ಗ ಕಟ್ಟಿಸಲು ಗುಮ್ಮಟಕ್ಕೆ ಓಡಿದಳು. ಬೆಳಕು, ಕಿಂಡಿ, ನೆಲ ಇದ್ಯಾವುದನ್ನೂ ನಮಗೆ ಹೇಳಲಿಲ್ಲ. ಬೀಗದ ಪ್ರಸಂಗವಾದ ಮೇಲೆ ಅವಳು ನಮಗೆ ಕಲೆ ವಿವರಿಸುವುದನ್ನೇ ನಿಲ್ಲಿಸಿದ್ದಳು.

ಅವಳು ಅತ್ತ ಹೋದದ್ದೇ ತಡ, ದೊಡ್ಡಮ್ಮ ಒಂದು ಹಾಸನ್ನು ಕಿಟಕಿಗೆ ಹಿಡಿದಳು. ತೂತಿನಿಂದ ಬಿಸಿಲು ನೇರ ಅವಳ ಮೂಗಿನ ಮೇಲೇ ಬಿತ್ತು.

“ದೇವರ ಮನೇಲಿ, ಊರೋರೆಲ್ಲ ನೋಡೋ ಹಾಗೆ, ಇಂಥ ಹರಕಲು ನೇತುಹಾಕ್ತಾಳಂತಾ?”

“ಕುಣಿಕೆ ಮಾತ್ರ ಅಂದಳಲ್ಲ.”

“ಪುಕ್ಕಟೆ ಕೆಲಸ ಕೇಳೋಕೆ ಸಂಕೋಚ ಮಗುಗೆ. ಅಷ್ಟೂ ಗೊತ್ತಾಗಲ್ವಾ ನಿನಗೆ?”

ನನಗೂ ಅದೇ ಸರಿ ಕಂಡಿತು. ಅಂಗಡಿಯ ಬೇರೆ ಕೆಲಸವನ್ನೆಲ್ಲ ಬದಿಗಿಟ್ಟು ಕೂತೆವು. ಕುಣಿಕೆ ನನ್ನ ಪಾಲು, ತೂತು ದೊಡ್ಡಮ್ಮನ ಪಾಲು. ಅವಳು ಅಷ್ಟು ಖುಷಿಯಾಗಿ ಕೆಲಸ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಸಾಕಿದ ಮಗಳ ಮರ್ಯಾದೆಯ ಪ್ರಶ್ನೆ ನೋಡಿ. ಹಾಸಿನ ಅಂಚಿನಿಂದ ಎಳೆ ಬಿಡಿಸುವುದು, ಬಣ್ಣ ಮಾಸಿದ ಕಡೆಗೆ ಮಾಸಿದ ಎಳೆಯನ್ನೇ ಹುಡುಕಿ ಸೇರಿಸುವುದು, ನೇಯ್ದು ಮುಗಿದ ಮೇಲೆ ಅಂಗೈಯಿಂದ ಒಮ್ಮೆ ಒತ್ತಿ, “ಹುಂ, ಈಗ ಹುಡುಕಲಿ ನೋಡೋಣ” ಅನ್ನುವುದು. ಕೊನೆಯ ಹಾಸು ಮುಗಿದಾಗ ಕಿಟಕಿಗೆ ಹಿಡಿದರೆ ಸಾಸಿವೆ ಕಾಳಿನಷ್ಟು ಬೆಳಕೂ ತೂರಲಿಲ್ಲ. ಮಡಿಸಿ, ಗಂಟು ಕಟ್ಟಿ ಕಳಿಸಿದೆವು.

ಪ್ರದರ್ಶನದ ಹಿಂದಿನ ದಿನ, ಮಧ್ಯಾಹ್ನಕ್ಕೆ ಮುಂಚೆ, ನಾವಿಬ್ಬರೂ ಗುಮ್ಮಟಕ್ಕೆ ಹೋದೆವು. ದೊಡ್ಡಮ್ಮ ಹೊಸ ಸೀರೆ ಉಟ್ಟಿದ್ದಳು. ಹೊಗಳಿಸಿಕೊಳ್ಳಲು ಹೋಗುವಾಗ ಹಳೆಯದು ಉಡಬಾರದು ಎಂಬುದು ಅವಳ ಇನ್ನೊಂದು ಕಾನೂನು. ಒಳಗೆ ಕಲ್ಲುನೆಲ ತಣ್ಣಗಿತ್ತು. ತಂಗಿ ಬರುವಷ್ಟರಲ್ಲಿ ಕೂಲಿಯವರೇ ಹಾಸುಗಳನ್ನು ಹಗ್ಗಕ್ಕೆ ಕಟ್ಟಿ ಮೇಲೇರಿಸಿದ್ದರು, ಕೈ ಎತ್ತಿದರೆ ಇನ್ನೊಂದು ಆಳಿನಷ್ಟು ಮೇಲೆ. ಪ್ರದರ್ಶನದ ಉಸ್ತುವಾರಿ ಹೊತ್ತ ಎಳೆ ವಯಸ್ಸಿನ ಒಬ್ಬ ಕನ್ನಡಕದವನು ಅಲ್ಲಿ ಇಲ್ಲಿ ಬೆರಳು ತೋರಿಸುತ್ತಿದ್ದ. ಅವನನ್ನು ಕ್ಯುರೇಟರ್ ಅನ್ನಬೇಕಂತೆ. ಯಾವುದಕ್ಕೂ ಕೈ ಹಚ್ಚದೆ ಬರೀ ಕೈ ತೋರಿಸುತ್ತಿದ್ದರಿಂದ ದೊಡ್ಡಮ್ಮ ಅವನನ್ನು ಮೇಸ್ತ್ರಿ ಅಂತ ತಿಳಿದಳು.

ಕಿಂಡಿಯ ನೆತ್ತಿಗೆ ಸೂರ್ಯ ಬಂದ. ಬಿಸಿಲು ದಪ್ಪ ಕಂಬದ ಹಾಗೆ ಇಳಿದು ಹಾಸುಗಳ ಮೇಲೆ ಬಿತ್ತು. ಅಲ್ಲೇ ನಿಂತಿತು. ಕೆಳಗೆ ನೆಲದ ಮೇಲೆ ದೊಡ್ಡದೊಂದು ನೆರಳು, ಅಷ್ಟೇ. ಸಂತೆಯಲ್ಲಿ ಟಾರ್ಪಾಲು ಕಟ್ಟಿದ ಹಾಗಿತ್ತು.

“ಬೆಳಕೆಲ್ಲಿ?” ಎಂದ ಮೇಸ್ತ್ರಿ.

ತಂಗಿ ಮೇಲೆ ನೋಡಿದಳು, ಕೆಳಗೆ ನೋಡಿದಳು. ಹಗ್ಗ ಸಡಿಲಿಸಿ ಒಂದು ಹಾಸನ್ನು ಇಳಿಸಿಕೊಂಡಳು, ಇನ್ನೊಂದನ್ನು ಇಳಿಸಿಕೊಂಡಳು. ಕೈಯಾಡಿಸಿದಳು. ರಫು ಅಂಗಡಿಯಲ್ಲಿ ಬೆಳೆದವಳಿಗೆ ಏನಾಗಿದೆಯೆಂದು ಯಾರೂ ಹೇಳಬೇಕಾಗಿರಲಿಲ್ಲ.

ದೊಡ್ಡಮ್ಮ ಮುಂದೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು. ಮುಖ ಊರಗಲ. “ಹುಡುಕು ನೋಡೋಣ! ಒಂದಾದ್ರೂ ಸಿಗುತ್ತಾ?”

“ಸಿಗಲ್ಲ ದೊಡ್ಡಮ್ಮ” ಎಂದು ತಂಗಿ ಅಲ್ಲೇ ಕಂಬಕ್ಕೆ ಒರಗಿ ಕೂತುಬಿಟ್ಟಳು. ಅವಳು ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ, ಲೆಕ್ಕ ಚುಕ್ತಾ ಆಗುತ್ತಿತ್ತು. ಅವಳು ಕೂಗಾಡಲಿಲ್ಲ. ಮಕ್ಕಳಿಗೆ ಹೇಳುವ ಹಾಗೆ, ಒಂದೊಂದೇ ಮಾತಾಗಿ, ತೂತುಗಳು ಯಾಕೆ ಬೇಕಿದ್ದವು ಎಂದು ಹೇಳಿದಳು. ಎಷ್ಟು ಮನೆ ತಿರುಗಿದಳು, ಯಾರಿಗೆ ಏನು ಮಾತು ಕೊಟ್ಟಳು, ನಾಳೆ ಮೂರೂ ಕಡೆಯವರು ಬಂದು ಈ ಟಾರ್ಪಾಲಿನ ಕೆಳಗೆ ನಿಂತರೆ ಏನಾಗುತ್ತದೆ, ಎಲ್ಲ ಹೇಳಿದಳು. ಇದನ್ನು ಮೊದಲೇ ಬೊಗಳಲು ಏನಾಗಿತ್ತು ಇವಳಿಗೆ ಎಂದು ನನಗೆ ಸಿಟ್ಟೂ ಬಂತು, ಪಾಪ ಅಂತಲೂ ಅನಿಸಿತು.

ದೊಡ್ಡಮ್ಮನ ಕೈ ಸೊಂಟದಿಂದ ಇಳಿಯಿತು. “ತೂತು ತೋರಿಸೋಕೆ ಪ್ರದರ್ಶನಾನಾ?” ಅಂದಳು.

“ಅದಕ್ಕೇನಂತೆ” ಎಂದ ಮೇಸ್ತ್ರಿ. “ಕತ್ತರಿ ತಗೊಂಡು ಹೊಸದಾಗಿ ತೂತು ಮಾಡಿಬಿಡೋಣ. ಕೆಳಗಿಂದ ನೋಡಿದೋರಿಗೆ ಏನು ಗೊತ್ತಾಗುತ್ತೆ?”

ದೊಡ್ಡಮ್ಮನೂ ತಂಗಿಯೂ ಒಟ್ಟಿಗೇ ಅವನ ಕಡೆ ತಿರುಗಿದರು. ಒಂದೇ ನೋಟ, ಒಂದೇ ಗಂಟು ಹುಬ್ಬು. ಅವನು ಕನ್ನಡಕ ಒರೆಸುವ ನೆಪದಲ್ಲಿ ಕಂಬದ ಮರೆಗೆ ಸರಿದ.

“ಬಿಚ್ಚಬೇಕು” ಎಂದೆ ನಾನು. ಯಾರಾದರೂ ಹೇಳಲೇಬೇಕಿತ್ತಲ್ಲ.

“ಯಾರು ಬಿಚ್ಚೋದು? ನಾನಾ?” ದೊಡ್ಡಮ್ಮನ ದನಿ ಗುಮ್ಮಟಕ್ಕೆ ತಾಗಿ ವಾಪಸು ಬಂತು. “ಈ ಕೈ ಹೊಲಿದಿದ್ದನ್ನ ಈ ಕೈ ಬಿಚ್ಚಿದ್ದಿಲ್ಲ. ಇನ್ನು ಈ ವಯಸ್ಸಲ್ಲಿ ಕಲೀಬೇಕಾ? ನನ್ನ ಜೀವಮಾನದಲ್ಲೇ ಇಷ್ಟು ಚೆನ್ನಾಗಿ ಮಾಡಿರಲಿಲ್ಲ ಕಣೇ!”

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರೆ. ರಫು ಕೆಲಸದಲ್ಲಿ ಆ ಗಾದೆ ನಡೆಯುವುದಿಲ್ಲ. ಒಳ್ಳೆಯ ರಫುವನ್ನು ಬಿಚ್ಚಬೇಕಾದರೆ ಮೊದಲು ಅದು ಸಿಗಬೇಕು. ದೊಡ್ಡಮ್ಮನ ರಫು ದೊಡ್ಡಮ್ಮನಿಗೆ ಬಿಟ್ಟರೆ ಬೇರೆ ಯಾರ ಬೆರಳಿಗೂ ಸಿಗುವುದಿಲ್ಲ. ಅವಳು ಒಲ್ಲೆ ಅಂದರೆ ಪ್ರದರ್ಶನ ಅಲ್ಲಿಗೇ ಮುಗಿದ ಹಾಗೆ. ಅದು ತಂಗಿಗೂ ಗೊತ್ತಿತ್ತು, ಅದಕ್ಕೇ ಅವಳು ಕೇಳಲೂ ಇಲ್ಲ. ಸಾಕಿದವಳ ಹತ್ತಿರ ಯಾವುದನ್ನು ಕೇಳಬಹುದು, ಯಾವುದನ್ನು ಕೇಳಬಾರದು ಎಂಬ ವಿವೇಕ ಅವಳಿಗೆ ನನಗಿಂತ ಜಾಸ್ತಿ.

ಅಷ್ಟರಲ್ಲಿ ಹಣೆಯವರ ಕಡೆಯ ಒಬ್ಬ ಹಿರಿಯರು ಕೋಲೂರಿಕೊಂಡು ಬಂದರು. ಗಡಿಯಾರ ರಿಪೇರಿಯವರು, ಈಗ ಅಂಗಡಿ ಮುಚ್ಚಿದ್ದಾರೆ. ಅಪ್ಪನ ಚಾಪೆಯನ್ನು ತಂಗಿಗೆ ಕೊಟ್ಟಿದ್ದರು. ನಾಳೆಯವರೆಗೆ ತಡೆಯಲಾಗದೆ ಇವತ್ತೇ ನೋಡಲು ಬಂದಿದ್ದರು. ತಂಗಿ ಇಳಿಸಿಕೊಂಡಿದ್ದ ಹಾಸುಗಳಲ್ಲಿ ಅವರದ್ದೂ ಒಂದು.

ಅವರು ಕೋಲು ಪಕ್ಕಕ್ಕಿಟ್ಟು, ನಿಧಾನಕ್ಕೆ ಕೂತು, ಚಾಪೆಯ ಮೇಲ್ತುದಿಯನ್ನು ತೊಡೆಯ ಮೇಲೆ ಎಳೆದುಕೊಂಡರು. ಬೆರಳಿನಿಂದ ಸವರಿದರು. ಒಂದು ಕಡೆ ಸವರಿ, ಸ್ವಲ್ಪ ಪಕ್ಕಕ್ಕೆ ಸವರಿ, ಮತ್ತೆ ಮೊದಲಿನ ಜಾಗಕ್ಕೆ ಬಂದರು. ಚಾಪೆಯನ್ನು ತಿರುಗಿಸಿ ಹಿಂಬದಿ ನೋಡಿದರು.

ದೊಡ್ಡಮ್ಮ ನೋಡುತ್ತಲೇ ಇದ್ದಳು. “ಏನು ಹುಡುಕ್ತಿದೀರಿ ಅಣ್ಣ?”

“ಏನಿಲ್ಲ ತಾಯಿ” ಎಂದರು ಅವರು. “ಕೆಲಸ ಬಹಳ ಚೆನ್ನಾಗಿದೆ. ನಿಮ್ಮದೇ ಕೈ ಅಲ್ವಾ? ಅಪ್ಪನ ಹಣೆ ಇಲ್ಲೇ ಎಲ್ಲೋ ಇತ್ತು. ಅದೊಂದು ಸಿಗ್ತಿಲ್ಲ.”

ಅವರು ದೂರುವ ದನಿಯಲ್ಲಿ ಹೇಳಲಿಲ್ಲ. ಕೈ ಮಾತ್ರ ಸವರುವುದನ್ನು ನಿಲ್ಲಿಸಿರಲಿಲ್ಲ.

ಗಿರಾಕಿಯೊಬ್ಬ ಬಂದು ತೂತು ಕಾಣಿಸುತ್ತಿಲ್ಲ ಅಂದರೆ ನಮ್ಮ ಅಂಗಡಿಗೆ ಅದಕ್ಕಿಂತ ದೊಡ್ಡ ಬಿರುದಿಲ್ಲ. ಆವತ್ತು ದೊಡ್ಡಮ್ಮನ ಮುಖ ಬಿರುದು ಸಿಕ್ಕಿದವರ ಹಾಗಿರಲಿಲ್ಲ. ಹೊಸ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನೆಲದ ಮೇಲೆ ಅವರ ಎದುರಿಗೆ ಕೂತಳು. ಕಣ್ಣು ಮುಚ್ಚಿ, ಒಂದೇ ಬೆರಳನ್ನು ಚಾಪೆಯ ಮೇಲೆ ಓಡಿಸಿ ಒಂದು ಕಡೆ ನಿಲ್ಲಿಸಿದಳು. ಅವರ ಕೈ ಹಿಡಿದು ಆ ಜಾಗದ ಮೇಲೆ ಇಟ್ಟಳು.

“ಇಲ್ಲಿದಾರೆ” ಅಂದಳು. ಆಮೇಲೆ ನನ್ನ ಕಡೆ ತಿರುಗಿ, “ಏನು ಬಾಯಿ ಬಿಟ್ಕೊಂಡು ನಿಂತಿದೀಯ? ಅಂಗಡಿಗೆ ಹೋಗಿ ಸಣ್ಣ ಸೂಜಿ ತಗೊಂಡು ಬಾ!” ಎಂದು ಗದರಿದಳು. ಬೈಸಿಕೊಂಡು ಅಷ್ಟು ಸಂತೋಷವಾಗಿ ನಾನು ಯಾವತ್ತೂ ಓಡಿರಲಿಲ್ಲ.

ಸಂಜೆಯವರೆಗೂ ಕೂತೆವು. ದೊಡ್ಡಮ್ಮ ಕಣ್ಣು ಮುಚ್ಚಿ ಬೆರಳಿನಲ್ಲಿ ಜಾಗ ಹಿಡಿದು ಗುಂಡುಸೂಜಿ ಚುಚ್ಚುವಳು, ನಾನೂ ತಂಗಿಯೂ ಸೂಜಿಯ ಹಿಂಬದಿಯಿಂದ ಎಳೆ ಎತ್ತಿ ಬಿಡಿಸುವೆವು. ಅಂಚಿನ ಹಳೆಯ ಎಳೆ ಕಿತ್ತುಬರಬಾರದು. ಬಂದರೆ ತೂತಿನ ಆಕಾರ ಕೆಡುತ್ತದೆ. ಒಂದೊಂದು ಬಿಡಿಸಿದಾಗಲೂ ದೊಡ್ಡಮ್ಮ ಎತ್ತಿ ನೋಡಿ ತೀರ್ಪು ಕೊಡುವಳು. “ಈ ಅಜ್ಜಿಗೆ ಎಡಮಂಡಿ ನೋವಿತ್ತು, ಬಲಗಡೆ ಭಾರ ಜಾಸ್ತಿ ಹಾಕ್ತಿದ್ದಳು. ಬಲಗಡೆ ಇನ್ನೂ ಅಗಲ ಇತ್ತು ನೋಡು, ಬಿಡಿಸು.” “ಇವನು ಕೂತಲ್ಲಿ ಕೂರ್ತಿರಲಿಲ್ಲ, ಧ್ಯಾನ ಅಂತ ಬರೀ ಅಲ್ಲಾಡಿದಾನೆ.” ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೂಲೆಯಲ್ಲಿದ್ದ ಮೇಸ್ತ್ರಿಯನ್ನೂ ದೊಡ್ಡಮ್ಮ ಬಿಡಲಿಲ್ಲ. “ಬೆರಳು ತೋರಿಸಿದ್ದು ಸಾಕು, ಈ ಎಳೆ ಹಿಡ್ಕೋ” ಎಂದು ಕೂರಿಸಿದಳು. ಪಾಪ, ಚೆನ್ನಾಗಿಯೇ ಹಿಡಿದುಕೊಂಡ. ಉಳಿದ ಕೆಲಸ ಮಾರನೆಯ ಬೆಳಿಗ್ಗೆ ಮುಗಿಯಿತು.

ಮಧ್ಯಾಹ್ನ ಗುಮ್ಮಟ ತುಂಬಿತು. ಮಂಡಿಯವರು ಒಂದು ಗೋಡೆಗೆ, ಹಣೆಯವರು ಒಂದು ಗೋಡೆಗೆ, ಕೂರುವವರು ಬಾಗಿಲ ಹತ್ತಿರ, ಬೀಗರ ಮನೆಗೆ ಬಂದವರ ಹಾಗೆ ಬಿಗಿಯಾಗಿ ನಿಂತರು. ಬಿಸಿಲು ಕಿಂಡಿಗೆ ಬಂದ ಕ್ಷಣ ನೆಲದ ತುಂಬ ಬೆಳಕು ಚೆಲ್ಲಿತು. ದೊಡ್ಡದು, ಸಣ್ಣದು, ಜೋಡಿ, ಒಂಟಿ. ಗಾಳಿಗೆ ಹಾಸು ಅಲುಗಿದರೆ ಎಲ್ಲವೂ ಒಟ್ಟಿಗೆ ಮಿಸುಕುತ್ತಿದ್ದವು. ಆಮೇಲೆ ಒಬ್ಬೊಬ್ಬರೇ ಗೋಡೆ ಬಿಟ್ಟು ನಡುವಿಗೆ ಬಂದರು. ಮಂಡಿಯವರ ಹೆಂಗಸೊಬ್ಬಳು ಬೆಳಕನ್ನು ತುಳಿಯಬಾರದೆಂದು ಸೀರೆ ಎತ್ತಿಕೊಂಡು ದಾಟುವಾಗ ಎಡವಿ ಕೂರುವವರ ಯಜಮಾನರ ತೋಳು ಹಿಡಿದಳು. ಇಬ್ಬರೂ ನಕ್ಕರು. ಬೀಗದ ಕೋಣೆಯಲ್ಲಿ ಜನ ಯಾಕೆ ಉಸಿರು ಬಿಟ್ಟಿದ್ದರೆಂದು ಈಗಲೂ ನನಗೆ ಗೊತ್ತಿಲ್ಲ. ಇಲ್ಲಿ ನಾನೂ ಬಿಟ್ಟೆ.

ಯಾರೋ ದೊಡ್ಡಮ್ಮನನ್ನು, “ನೀವು ಯಾವ ಭಾಗ ಮಾಡಿದ್ದು?” ಎಂದು ಕೇಳಿದರು.

“ತೂತು” ಅಂದಳು. “ಅಷ್ಟೂ ನನ್ನವೇ.”

ಮೇಸ್ತ್ರಿ ಮೈಕು ಹಿಡಿದು, ಇಲ್ಲಿ ಯಾವ ಬೆಳಕು ಯಾರದ್ದೆಂದು ಯಾರಿಗೂ ತಿಳಿಯುವುದಿಲ್ಲ, ಅದೇ ಇದರ ಅರ್ಥ ಎಂದು ಚೆನ್ನಾಗಿ ಮಾತಾಡಿದ. ಎಲ್ಲರೂ ತಲೆದೂಗಿದರು. ಗಡಿಯಾರದವರೂ ತಲೆದೂಗಿದರು. ಆದರೆ ಮಾತು ಮುಗಿದದ್ದೇ ಕೋಲೂರಿಕೊಂಡು ದೊಡ್ಡಮ್ಮನ ಹತ್ತಿರ ಬಂದು ಮೆಲ್ಲಗೆ, “ತಾಯಿ, ಇದರಲ್ಲಿ ನಮ್ಮಪ್ಪನದು ಯಾವುದು?” ಎಂದು ಕೇಳಿದರು.

ಪಕ್ಕದಲ್ಲಿದ್ದ ತಂಗಿಯ ಮುಖದ ಬಣ್ಣ ಹೋಯಿತು. ಒಂದನ್ನು ತೋರಿಸಿದರೆ ಮುಗಿಯಿತು. ಮಂಡಿಯವರು ಬರುತ್ತಾರೆ, ಕೂರುವವರು ಬರುತ್ತಾರೆ, ನಮ್ಮಜ್ಜಿಯದು ಯಾವುದು, ನಮ್ಮ ಮಾವನದು ಯಾವುದು ಎಂದು ನೆಲವನ್ನು ಹಂಚಿಕೊಳ್ಳಲು ಶುರುಮಾಡುತ್ತಾರೆ. ಗೋಡೆ ಬಿಟ್ಟು ಬಂದವರು ಮತ್ತೆ ಗೋಡೆಗೆ ಹೋಗುತ್ತಾರೆ. ದೊಡ್ಡಮ್ಮನಿಗೋ ಪ್ರತಿಯೊಂದು ತೂತೂ ಗೊತ್ತು. ಒಂದೊಂದನ್ನೂ ಮುಚ್ಚಿ, ಒಂದೊಂದನ್ನೂ ತೆರೆದವಳು. ಮೇಲಾಗಿ ಕೆಲಸದ ವಿಷಯದಲ್ಲಿ ಗಿರಾಕಿಗೆ ಸುಳ್ಳು ಹೇಳಿದವಳಲ್ಲ, ಯಾವತ್ತೂ.

ಅವಳು ನೆಲವನ್ನು ಒಂದು ಸಲ ಪೂರ್ತಿ ನೋಡಿದಳು.

“ಗೊತ್ತಾಗಲ್ಲ ಅಣ್ಣ” ಅಂದಳು. “ಹೊಲಿದವಳಿಗೂ ಎಲ್ಲಾ ಒಂದೇ ಥರ ಕಾಣ್ತವೆ.”

ಅವರು ಹೌದೌದು ಎಂದು ತಲೆಯಾಡಿಸಿದರು. ತಂಗಿ ಉಸಿರು ಬಿಟ್ಟಳು.

“ನಿಂತೇ ಇದೀರಲ್ಲ, ಕಾಲು ನೋಯಲ್ವಾ?” ಎಂದು ದೊಡ್ಡಮ್ಮ ಗೋಡೆಯ ಹತ್ತಿರದಿಂದ ಕುರ್ಚಿಯೊಂದನ್ನು ತಾನೇ ಎಳೆದು ತಂದಳು. ನಾನು ಕೈ ಹಚ್ಚಲು ಹೋದರೆ ಬೇಡವೆಂದಳು. ಕುರ್ಚಿಯನ್ನು ಇಟ್ಟು, ಸ್ವಲ್ಪ ಹಿಂದೆ ತಳ್ಳಿ, ಮತ್ತೆ ಒಂದು ಚೂರು ಬಲಕ್ಕೆ ತಿರುಗಿಸಿ, ಅವರನ್ನು ಕೂರಿಸಿದಳು. ಕೂತವರ ಮಡಿಲಿನ ಮೇಲೆ, ಮಡಚಿದ ಎರಡು ಕೈಗಳ ಮೇಲೆ, ಅಂಗೈಯಗಲದ ಒಂದು ಬೆಳಕು ಬಂದು ಕೂತಿತು. ಎಡಗಡೆ ಚೂರು ಎಳೆದಂತಿದ್ದ ಬೆಳಕು. ಅದನ್ನು ಬಿಚ್ಚಿದ್ದು ನಾನೇ, ನನಗೂ ಗುರುತು ಸಿಕ್ಕಿತು. ತಂಗಿ ನನ್ನ ಕೈ ಹಿಡಿದು ಗಟ್ಟಿಯಾಗಿ ಒತ್ತಿದಳು. ಅವರಿಗೆ ಮಾತ್ರ ಏನೂ ತಿಳಿಯಲಿಲ್ಲ. ಬೆಚ್ಚಗಿದೆ ಎಂದು ಖುಷಿಯಾಗಿ ಕೂತು ಜನರನ್ನು ನೋಡುತ್ತಿದ್ದರು.

ಸ್ವಲ್ಪ ಹೊತ್ತಿಗೆ ಬಿಸಿಲು ಸರಿಯಿತು, ಬೆಳಕು ಅವರ ಮಡಿಲಿನಿಂದ ಜಾರಿತು. ದೊಡ್ಡಮ್ಮ ಮತ್ತೆ ಹೋಗಿ, “ಇಲ್ಲಿ ಗಾಳಿ ಜಾಸ್ತಿ ಅಣ್ಣ, ಚೂರು ಏಳಿ” ಎಂದು ಅವರ ಕುರ್ಚಿಯನ್ನು ಒಂದು ಗೇಣು ಈಚೆಗೆ ಎಳೆದಳು.